ಇದ್ದೀಯಾ?

ಆ ಮನೆಯಲ್ಲಿ ಬಚ್ಚಲಿಗೆ ಹೋಗಿ ನೆಮ್ಮದಿಯಾಗಿ ಸ್ನಾನ ಮಾಡುವ ಹಾಗೂ ಇಲ್ಲ. ತಲೆಗೆ ಎರಡು ಚೊಂಬು ನೀರು ಬೀಳುವಷ್ಟರಲ್ಲಿ ಬಾಗಿಲಿನ ಆಚೆಯಿಂದ ಮನೆಯ ಯಜಮಾನನ ಪ್ರಶ್ನೆ ಬರುತ್ತದೆ, "ಇದ್ದೀಯಾ?" ಬಚ್ಚಲಲ್ಲಿ ಇರದೆ ಇನ್ನೆಲ್ಲಿಗೆ ಹೋಗಿರುತ್ತಾರೆ, ಅಂಗೈಯಗಲದ ಆ ಕಿಟಕಿಯಿಂದ ಹಾರಿ? ಹೆಂಡತಿ "ಇದೀನ್ರೀ, ಇದೀನಿ" ಎಂದು ಕೂಗಿಕೊಂಡು ಕಣ್ಣಿಗೆ ಸೋಪು ಬಿಟ್ಟುಕೊಳ್ಳುತ್ತಾಳೆ. ಮಗಳು ಬಾಗಿಲು ಹಾಕಿಕೊಂಡು ಓದಲು ಕೂತರೆ ಅಲ್ಲಿಗೂ ಬಂದು ತಟ್ಟುತ್ತಾನೆ. ಫೋನಿನಲ್ಲಂತೂ ಕೇಳುವುದೇ ಬೇಡ. ಎದುರಿನವರು ಉಸಿರೆಳೆದುಕೊಳ್ಳಲು ಒಂದು ಚೂರು ಮಾತು ನಿಲ್ಲಿಸಿದರೆ ಸಾಕು, ಇವನು ಮಧ್ಯೆ ಬಾಯಿ ಹಾಕಿ ಆಯಿತು: "ಇದ್ದೀರಾ? ಕೇಳಿಸ್ತಿದೆಯಾ? ಇದ್ದೀರಾ?" ತಲೆ ಚಿಟ್ಟು ಹಿಡಿದು ಅವರು ಫೋನ್ ಇಟ್ಟುಬಿಡುತ್ತಾರೆ. ಇಟ್ಟ ಮೇಲೆ ಇವನು ಮತ್ತೆ ಮಾಡುತ್ತಾನೆ, ಇದ್ದಾರಾ ಎಂದು ನೋಡಲು.

ಅವನು ಕೆಲಸ ಮಾಡುವ ಕಟ್ಟಡದ ಸೈಟಿನಲ್ಲಿ ಈಗ ಅವನ ಹೆಸರೇ 'ಇದ್ದೀಯಾ'. ಹಿಂದೆ ಅವನಿಗೆ ಅಲ್ಲಿ ಇನ್ನೂ ದೊಡ್ಡ ಹೆಸರಿತ್ತು: 'ಮೇಲಿನೋರು'. ಕ್ರೇನ್ ನಡೆಸುವವನು, ದಿನವಿಡೀ ಇಪ್ಪತ್ತು ಮಹಡಿಯಷ್ಟು ಎತ್ತರದ ಗಾಜಿನ ಗೂಡಿನಲ್ಲಿ ಕೂತಿರುವವನು. "ಎಲ್ಲಾ ಮೇಲಿನೋರ ಕೈಲಿದೆ" ಎಂದು ಗಾರೆ ಕೆಲಸದವರು ನಗುತ್ತಿದ್ದರು. ಕಬ್ಬಿಣ ಬರುವುದು ತಡವಾದರೆ "ಮೇಲಿನೋರು ಇನ್ನೂ ಮನಸ್ಸು ಮಾಡಿಲ್ಲ" ಎನ್ನುತ್ತಿದ್ದರು. ಅಂಥ ಹೆಸರಿನಿಂದ ಇಂಥ ಹೆಸರಿಗೆ ಅವನು ಇಳಿದದ್ದು ಹೇಗೆ ಎಂಬುದೇ ಅವನ ಕಥೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಅಷ್ಟಾಗಿ ನಗು ಬರುವುದಿಲ್ಲ.

ಮೊದಲು ಅವನ ಭಯದ ವಿಷಯ ಹೇಳಬೇಕು. ಎತ್ತರದ ಭಯ ಅವನಿಗೆ ಒಂದು ದಿನವೂ ಇರಲಿಲ್ಲ. ಅವನ ಭಯವೆಲ್ಲ ಕೆಳಗಿನದು. ತಾನು ಇಳಿಸುವ ಒಂದೊಂದು ಹೊರೆಯೂ ಯಾರದೋ ತಲೆಯ ಮೇಲೆ ಇಳಿಯುತ್ತಿದೆ ಎಂಬ ಭಯ. ಈ ಕೆಲಸಕ್ಕೆ ಬಂದ ಹೊಸದರಲ್ಲಿ, ಬೇರೊಂದು ಸೈಟಿನಲ್ಲಿ, ಬೇರೊಬ್ಬರ ಕ್ರೇನಿನಿಂದ ಜಾರಿದ ಇಟ್ಟಿಗೆಯ ತೊಟ್ಟಿ ಒಬ್ಬ ಮನುಷ್ಯನ ಮೇಲೆ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಸ್ವಲ್ಪ ಮುಂಚೆ ಅದೇ ಮನುಷ್ಯನ ಪಕ್ಕದಲ್ಲಿ ನಿಂತು ಚಹಾ ಕುಡಿದಿದ್ದ. ಎಲ್ಲ ಮುಗಿದು ಜನ ಚದುರಿದ ಮೇಲೂ ಆ ಮನುಷ್ಯನ ಲೋಟ ಅರ್ಧ ಕಟ್ಟಿದ ಗೋಡೆಯ ಮೇಲೇ ಇತ್ತು, ತಳದಲ್ಲಿ ಒಂದು ಗುಟುಕು ಚಹಾ ಉಳಿದಿತ್ತು. ಹೆಣವನ್ನು ಅವನು ಮರೆತಿರಬಹುದು, ಆ ಲೋಟವನ್ನು ಮರೆತಿಲ್ಲ. ಹೊರೆ ಎತ್ತುವ ಮುಂಚೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವ ಅಭ್ಯಾಸ ಅವತ್ತಿನಿಂದ ಬಂತು. ಒರೆಸಿದಷ್ಟೂ ಬೆವರುತ್ತಿತ್ತು, ಅದು ಬೇರೆ ಮಾತು.

ಈ ಭಯದಿಂದಲೇ ಇರಬೇಕು, ಜನ ಮಾತಾಡುವ ರೀತಿ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಮೇಲೆ ಕೂತವನಿಗೆ ಕೆಳಗಿನವರ ಮಾತೇ ಕಣ್ಣು, ಆ ಮಾತಿಗೊಂದು ಅಳತೆ ಇರಬೇಕು ಎಂಬುದು ಅವನ ಹಟ. ಜನ ನೋಡಿದರೆ ಬಾಯಿಗೆ ಬಂದದ್ದನ್ನು ಉದುರಿಸುತ್ತಾರೆ. "ತಪ್ಪು ತಿಳ್ಕೋಬೇಡಿ" ಎಂದು ಶುರು ಮಾಡಿ, ತಪ್ಪು ತಿಳಿಯದೆ ಗತಿಯೇ ಇಲ್ಲದ ಮಾತನ್ನು ಹೇಳುವ ಪಕ್ಕದ ಮನೆಯವರು. "ಐದೇ ನಿಮಿಷ, ಬಂದೆ" ಎಂದು ಮೂರನೆಯ ದಿನ ಬರುವ ನಲ್ಲಿ ರಿಪೇರಿಯವನು. "ಸುಮ್ನೆ ಕೇಳ್ದೆ" ಎನ್ನುತ್ತಲೇ ಕೇಳಬಾರದ್ದನ್ನೆಲ್ಲ ಕೇಳುವ ದೊಡ್ಡಮ್ಮ. ಮಗಳಿಗಂತೂ ಎಲ್ಲವೂ 'ಒಂಥರಾ'. ಹೊಸ ಟೀಚರ್ ಒಂಥರಾ, ಹೊಸ ಚಪ್ಪಲಿ ಒಂಥರಾ. "ಯಾವ್ ಥರ ಅಂತ ಹೇಳಮ್ಮ" ಎಂದು ಇವನು, "ಅದೇ ಅಪ್ಪ, ಒಂಥರಾ" ಎಂದು ಅವಳು.

ಎಲ್ಲಕ್ಕಿಂತ ಅವನ ಮೈ ಉರಿಸುತ್ತಿದ್ದದ್ದು ಸೈಟಿನ ಇಂಜಿನಿಯರ್ ಮೇಡಂ ಬಾಯಲ್ಲಿದ್ದ 'ತೊಂದ್ರೆ ಇಲ್ಲ'. ಒಳ್ಳೆಯ ಹೆಂಗಸು, ಕೆಲಸ ಬಲ್ಲವಳು. ಆದರೆ ಸಿಮೆಂಟಿನ ಲಾರಿ ಹಳ್ಳಕ್ಕೆ ಮಗುಚಿ ಬಿದ್ದ ದಿನವೂ ಆಕೆ ವಾಕಿಟಾಕಿಯಲ್ಲಿ ಮೊದಲು ಹೇಳಿದ್ದು "ತೊಂದ್ರೆ ಇಲ್ಲ, ತೊಂದ್ರೆ ಇಲ್ಲ" ಎಂದೇ. ಆಕೆ ಒಂದು ಸಲ ಹೇಳಿದರೆ ಏನೋ ಕೆಟ್ಟಿದೆ, ಎರಡು ಸಲ ಹೇಳಿದರೆ ಪೂರ್ತಿ ಕೆಟ್ಟಿದೆ ಎಂದು ಅವನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದ.

ಇಂಥವನ ಪಾಲಿಗೆ ಭಾವಮೈದ ಬಂದು ಬಿದ್ದ. ಹೆಂಡತಿಗೆ ಇದ್ದ ಒಬ್ಬನೇ ತಮ್ಮ, ತಾಯಿ ಹೋದ ಮೇಲೆ ಅಕ್ಕನ ಸೊಂಟದ ಮೇಲೇ ಬೆಳೆದವನು. ಮೀಸೆ ಬಂದು ಎಷ್ಟೋ ವರ್ಷವಾದರೂ ಯಾವ ಕೆಲಸದಲ್ಲೂ ನೆಲೆ ನಿಲ್ಲದೆ ಅಕ್ಕನ ಮನೆಯ ಹೊರಕೋಣೆಗೆ ಬಂದು ಸೇರಿಕೊಂಡಿದ್ದ. "ನಿಮ್ ಜೊತೇಲೇ ಎಲ್ಲಾದ್ರೂ ಸೇರಿಸ್ಕೊಳ್ರೀ" ಎಂದು ಹೆಂಡತಿ ಗೋಗರೆದಳು. "ನೀವ್ ಇರೋ ಕಡೆ ಅವ್ನಿದ್ರೆ ನಂಗೂ ಒಂದ್ ಧೈರ್ಯ." ಮೇಡಂಗೆ ಹೇಳಿ ಸೇರಿಸಿದ್ದಾಯಿತು. ತರಬೇತಿ ಕೊಟ್ಟು ಸಿಗ್ನಲ್‌ಮ್ಯಾನ್ ಮಾಡಿದರು. ಹೊರೆ ಇಳಿಯುವ ಜಾಗದಲ್ಲಿ ವಾಕಿಟಾಕಿ ಹಿಡಿದು ನಿಂತು, ಎಡಕ್ಕೆ, ಬಲಕ್ಕೆ, ಇಳಿಸಿ, ನಿಲ್ಲಿಸಿ ಎಂದು ಮೇಲಿನವನಿಗೆ ದಾರಿ ಹೇಳುವ ಕೆಲಸ. ಹುಡುಗ ಬೇಗ ಕಲಿತ, ಕಣ್ಣು ಚುರುಕು. ಬಾಯಿ ಅದಕ್ಕಿಂತ ಚುರುಕು.

"ಏನಂದ್ರೆ ಭಾವ, ಬರ್ಲಿ, ಬರ್ಲಿ, ಹಾಂ, ಗೊತ್ತಾಯ್ತಲ್ಲ ಭಾವ, ಚೂರು ಬಲಕ್ಕೆ, ಏನಂದ್ರೆ ಇಲ್ಲೊಂದು ಹಲಗೆ ಅಡ್ಡ ಇತ್ತು, ತೆಗ್ದೆ, ಬರ್ಲಿ, ಹಾಂ ಹಾಂ, ಎಷ್ಟ್ ಚೆನ್ನಾಗ್ ಬರ್ತಿದೆ ನೋಡಿ, ಬರ್ಲಿ, ಇನ್ನೊಂದ್ ಆಳುದ್ದ ಅಷ್ಟೇ, ಗೊತ್ತಾಯ್ತಲ್ಲ, ಏನಂದ್ರೆ ಭಾವ..."

ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಪಾರಾಯಣ. ವಾಕಿಟಾಕಿಯ ಮಾತು ಒಬ್ಬರ ಕಿವಿಗೆ ಮಾತ್ರ ಬೀಳುವಂಥದ್ದಲ್ಲ, ಸೈಟಿನಲ್ಲಿ ವಾಕಿಟಾಕಿ ಹಿಡಿದವರಿಗೆಲ್ಲ ಕೇಳುತ್ತದೆ. ವಾರ ಕಳೆಯುವಷ್ಟರಲ್ಲಿ ಕ್ಯಾಂಟೀನಿನ ಸಾಲಿನಲ್ಲಿ ನಿಂತವರೆಲ್ಲ "ಏನಂದ್ರೆ ಭಾವ, ಚಹಾ ಬರ್ಲಿ, ಬರ್ಲಿ, ಗೊತ್ತಾಯ್ತಲ್ಲ" ಎಂದು ಅಣಕಿಸತೊಡಗಿದರು. ಇವನನ್ನು ಕಂಡರೆ ಸಾಕು, ಯಾರೋ ಮೂಲೆಯಲ್ಲಿ "ಭಾವಾ" ಎಂದು ರಾಗ ಎಳೆಯುತ್ತಿದ್ದರು. ಮೇಲಿನೋರು ಹೋಗಿ ಇಡೀ ಸೈಟಿಗೇ ಭಾವನಾದ. ಇವನ ಮಾನ ಮೂರು ಕಾಸಿಗೆ ಇಳಿಯಿತು. ಸಂಜೆ ಮನೆಗೆ ಬಂದರೆ ಅಲ್ಲಿಯೂ ತಟ್ಟೆಯ ಎದುರಿಗೆ ಅದೇ ಬಾಯಿ: "ಏನಂದ್ರೆ ಭಾವ..."

ಒಂದು ಸಂಜೆ ಊಟಕ್ಕೆ ಕೂತಾಗ ಇವನು ಸಿಡಿದ.

"ಏನಂದ್ರೆ ಏನಂದ್ರೆ ಅಂತ ಏನೂ ಹೇಳದೇ ಇರೋಕೆ ಇಷ್ಟ್ ಮಾತು ಯಾಕೋ ಬೇಕು ನಿಂಗೆ? ಕಿವಿ ತೂತು ಬಿದ್ದೋಯ್ತು ನಂದು. ನಾಳೆಯಿಂದ ನಾಲ್ಕೇ ಮಾತು. ಎಡಕ್ಕೆ, ಬಲಕ್ಕೆ, ಇಳಿಸಿ, ನಿಲ್ಸಿ. ಐದನೇದು ಬಾಯಿಂದ ಬಂದ್ರೆ ಆ ವಾಕಿಟಾಕಿ ಕಿತ್ಕೊಂಡು ಬೇರೆಯವ್ರಿಗೆ ಕೊಡಿಸ್ತೀನಿ."

ಭಾವಮೈದ ತುತ್ತು ಹಿಡಿದುಕೊಂಡೇ ಕೂತ. ಹೆಂಡತಿ ನಡುವೆ ಬಂದಳು: "ಹೋಗ್ಲಿ ಬಿಡ್ರೀ, ಅವ್ನ ಬಾಯಿ ಮೊದ್ಲಿಂದ್ಲೂ ಹಾಗೇ. ಚಿಕ್ಕವ್ನಿದ್ದಾಗ ಕತ್ತಲೆ ಕಂಡ್ರೆ ಹೀಗೇ ಮಾತಾಡ್ತಿದ್ದ, ಹೆದ್ರಿಕೆ ಹೋಗ್ಲಿ ಅಂತ."

"ಹೆದ್ರಿಕೆ ಇದ್ರೆ ಮನೇಲಿರ್ಲಿ."

ಭಾವಮೈದ "ಏನಂದ್ರೆ ಭಾವ" ಎಂದು ಬಾಯಿ ತೆಗೆದವನು ಹಾಗೇ ಮುಚ್ಚಿಕೊಂಡ. ತಟ್ಟೆಯಲ್ಲಿದ್ದದ್ದನ್ನು ಮುಗಿಸಿ ಎದ್ದು ಹೋದ. ಅವತ್ತಿನಿಂದ ಮನೆಯಲ್ಲಿಯೂ ಅವನ ಬಾಯಿಗೆ ಬೀಗ ಬಿತ್ತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕಣ್ಣಿಗೆ ಕಾಣದ ಕಡೆಗೆ ಹೊರೆ ಇಳಿಸುವಾಗ ಕ್ರೇನಿನವರದೊಂದು ಪದ್ಧತಿ ಇದೆ. ಕೆಳಗಿನವನು ಬಾಯಿ ಮುಚ್ಚುವಂತಿಲ್ಲ. 'ಇಳಿಸಿ, ಇಳಿಸಿ, ಇಳಿಸಿ' ಎಂದು ಎಡೆಬಿಡದೆ ಹೇಳುತ್ತಲೇ ಇರಬೇಕು. ಮಾತು ಬರುತ್ತಿರುವ ತನಕ ಹೊರೆ ಇಳಿಯಬೇಕು, ಮಾತು ನಿಂತ ಕೂಡಲೇ ಹೊರೆಯೂ ನಿಲ್ಲಬೇಕು. ಕೆಳಗಿನವನಿಗೆ ಏನಾದರೂ ಆದರೆ 'ನಿಲ್ಸಿ' ಎಂದು ಹೇಳಲು ಅವನೇ ಇರುವುದಿಲ್ಲವಲ್ಲ. ಇದನ್ನು ನಮ್ಮ ಕ್ರೇನಿನವನೇ ಹತ್ತಾರು ಜನ ಹೊಸಬರಿಗೆ ಕಲಿಸಿದ್ದ. ಭಾವಮೈದನ ಹಾಳು ಹರಟೆಯಲ್ಲಿ ಆ ಪದ್ಧತಿ ತಾನಾಗಿಯೇ ನಡೆದುಕೊಂಡು ಹೋಗುತ್ತಿತ್ತು, ಅವನ ಬಾಯಿ ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ನಾಲ್ಕೇ ಮಾತು ಎಂದು ಕಟ್ಟಪ್ಪಣೆ ಮಾಡುವಾಗ ಇವನಿಗೆ ಅದು ಹೊಳೆಯಲಿಲ್ಲ. ಕ್ಯಾಂಟೀನಿನ ನಗು ಕಿವಿಯಲ್ಲಿ ತುಂಬಿಕೊಂಡಿದ್ದವನಿಗೆ ಬೇರೆ ಏನು ಹೊಳೆದೀತು?

ಭಾವಮೈದ ಅಕ್ಷರಕ್ಕೆ ಅಕ್ಷರ ಪಾಲಿಸಿದ. "ಇಳಿಸಿ" ಎನ್ನುವನು. ಆಮೇಲೆ ಮೌನ. ಹೊರೆ ನೆಲ ಮುಟ್ಟುವ ಹೊತ್ತಿಗೆ "ನಿಲ್ಸಿ" ಎನ್ನುವನು. ಮೊದಲ ದಿನ ಆ ಮೌನದಲ್ಲಿ ಇವನು ತಡೆತಡೆದು ಲಿವರ್ ಆಡಿಸಿದ. ಎರಡನೆಯ ದಿನ ಸ್ವಲ್ಪ ಕಡಿಮೆ. ದಿನ ಕಳೆದ ಹಾಗೆ ಮೌನವೂ ಅಭ್ಯಾಸವಾಯಿತು. ಕಿವಿಗೆ ಸುಖ, ಕ್ಯಾಂಟೀನಿನಲ್ಲಿ ಅಣಕವಿಲ್ಲ. ಮೌನ ಎಂದರೆ 'ಇಳಿಸುತ್ತಾ ಇರಿ' ಎಂದು ಅವನ ಕೈ ತನಗೆ ತಾನೇ ಅರ್ಥ ಮಾಡಿಕೊಂಡುಬಿಟ್ಟಿತು.

ಆ ದಿನ ಕಟ್ಟಡದ ಹಿಂಬದಿಯ ಹೊಂಡಕ್ಕೆ ಕಬ್ಬಿಣದ ಸರಳುಗಳ ಕಟ್ಟು ಇಳಿಸಬೇಕಿತ್ತು. ಎದ್ದು ನಿಂತ ಗೋಡೆಯ ಆಚೆಗಿನ ಹೊಂಡ ಅದು. ಮೇಲಿನಿಂದ ನೋಡಿದರೆ ಉಕ್ಕಿನ ಹಗ್ಗ ಗೋಡೆಯ ಹಿಂದೆ ಇಳಿದು ಮಾಯವಾಗುವುದಷ್ಟೇ ಕಾಣುತ್ತದೆ. ಚಹಾದ ಹೊತ್ತು, ಕಬ್ಬಿಣ ಕಟ್ಟುವವರೆಲ್ಲ ಹೊರಗೆ ಹೋಗಿದ್ದರು. ಹೊಂಡದಲ್ಲಿದ್ದವನು ಭಾವಮೈದ ಒಬ್ಬನೇ.

"ಬಲಕ್ಕೆ" ಎಂದ. ಇವನು ಬಲಕ್ಕೆ ಸರಿಸಿದ. "ಇಳಿಸಿ" ಎಂದ. ಇವನು ಇಳಿಸತೊಡಗಿದ.

ಮೌನ. ಹಗ್ಗ ಇಳಿಯುತ್ತಿತ್ತು. ಇವನು ಏನನ್ನೂ ಯೋಚಿಸುತ್ತಿರಲಿಲ್ಲ ಎಂದರೆ ನಂಬಬೇಕು. ನೀರಿನ ಬಾಟಲಿಯ ಮುಚ್ಚಳ ಎಲ್ಲಿ ಬಿತ್ತು ಎಂದು ಕಾಲ ಬಳಿ ಒಮ್ಮೆ ನೋಡಿದನಂತೆ. ತಲೆ ಎತ್ತಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಇಷ್ಟು ಹಗ್ಗ ಹೋದ ಮೇಲೆ ಈ ಹೊಂಡದಲ್ಲಿ 'ನಿಲ್ಸಿ' ಬಂದಿರಬೇಕಿತ್ತು. ಬಂದಿರಲಿಲ್ಲ. ಲಿವರ್ ಹಿಂದಕ್ಕೆ ತಂದ. ಹೊರೆ ನಿಂತಿತು.

"ಏನೋ?" ಎಂದ ವಾಕಿಟಾಕಿಯಲ್ಲಿ. "ಎಷ್ಟಿದೆ ಇನ್ನು?"

ಬರೀ ಗೊರ್ ಎನ್ನುವ ಸದ್ದು.

"ಏಯ್. ಮಾತಾಡೋ. ಇದ್ದೀಯಾ?"

ಇನ್ನು ಕೆಳಗಿಳಿಸುವ ಹಾಗಿಲ್ಲ. ಮೇಲೆ ಎತ್ತೋಣವೆಂದರೆ, ಹುಡುಗನ ಬಟ್ಟೆಯೋ ಕೈಯೋ ಸರಳುಗಳಿಗೆ ಸಿಕ್ಕಿಕೊಂಡಿದ್ದರೆ? ಎತ್ತಿದರೆ ಅವನನ್ನೂ ಎಳೆದುಕೊಂಡು ಬರುತ್ತದೆ. ಗೂಡು ಬಿಟ್ಟು ಇಳಿದು ಓಡೋಣವೆಂದರೆ ಹೊರೆ ಗಾಳಿಯಲ್ಲಿರುವಾಗ ಕ್ರೇನ್ ಬಿಟ್ಟು ಏಳುವಂತಿಲ್ಲ. ಮಾಡಬಹುದಾದದ್ದು ಒಂದೂ ಇರಲಿಲ್ಲ. ಲಿವರ್ ಮೇಲಿಟ್ಟ ಕೈ ತನಗೆ ತಾನೇ ಆಡಿ ಹೊರೆ ಇಳಿದೀತೆಂದು ಹೆದರಿ ಇನ್ನೊಂದು ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಮೇಡಂ! ಹಿಂದಿನ ಹೊಂಡದಲ್ಲಿ ಮಾತು ನಿಂತಿದೆ. ಯಾರಾದ್ರೂ ಓಡಿ!"

"ಬಂದೆ" ಎಂದಿತು ಇಂಜಿನಿಯರ್ ಮೇಡಂ ಧ್ವನಿ. ಆಕೆಯ ಆಫೀಸು ಕಟ್ಟಡದ ಮುಂಬದಿಗೆ, ಹೊಂಡ ಹಿಂಬದಿಗೆ. ಆಕೆಯ ಹಳದಿ ಹೆಲ್ಮೆಟ್ಟು ಸಿಮೆಂಟ್ ಮೂಟೆಗಳ ನಡುವೆ ಓಡುವುದು ಮೇಲಿನಿಂದ ಕಾಣಿಸಿತು. ಎಷ್ಟು ಚಿಕ್ಕದಾಗಿ, ಎಷ್ಟು ನಿಧಾನವಾಗಿ! ಆಮೇಲೆ ಅದೂ ಗೋಡೆಯ ಹಿಂದೆ ಹೋಗಿ ಮರೆಯಾಯಿತು.

ಆಗ ಅವನು ಮಾತಾಡತೊಡಗಿದ. ಉತ್ತರ ಬಾರದ ವಾಕಿಟಾಕಿಗೆ, ಯಾರೂ ಇಲ್ಲದ ಗಾಳಿಗೆ. ಸುಮ್ಮನಿದ್ದರೆ ಗೋಡೆಯ ಮೇಲಿನ ಲೋಟ ಕಣ್ಣೆದುರು ಬಂದು ನಿಲ್ಲುತ್ತಿತ್ತು. "ಇದ್ದೀಯಾ? ಕೇಳಿಸ್ತಿದೆಯೇನೋ? ನಿಲ್ಸಿದೀನಿ, ಹೆದ್ರಬೇಡ, ಗೊತ್ತಾಯ್ತಲ್ಲ, ಮೇಡಂ ಬರ್ತಿದ್ದಾರೆ, ಏನಂದ್ರೆ, ನೋಡು, ಏನಂದ್ರೆ, ನಾನು ಇಲ್ಲೇ ಇದೀನಿ, ಹಾಂ, ಇದ್ದೀಯಾ? ಬೈದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ್ವೋ, ಏನಂದ್ರೆ, ಗೊತ್ತಾಯ್ತಲ್ಲ..." ಸೈಟಿನವರೆಲ್ಲ ತಮ್ಮ ತಮ್ಮ ವಾಕಿಟಾಕಿ ಹಿಡಿದು ಕಲ್ಲಾಗಿ ನಿಂತು ಅದನ್ನು ಕೇಳಿದರು. ಒಬ್ಬರಿಗೂ ನಗು ಬರಲಿಲ್ಲ.

ಕೊನೆಗೆ ಮೇಡಂ ಧ್ವನಿ ಬಂತು, ಏದುಸಿರಿನ ನಡುವೆ.

"ತೊಂದ್ರೆ ಇಲ್ಲ, ತೊಂದ್ರೆ ಇಲ್ಲ."

ಎರಡು ಸಲ. ಹೋಯಿತು, ಎಲ್ಲ ಹೋಯಿತು ಎಂದುಕೊಂಡ. ಹೆಂಡತಿಯ ಮುಖ ನೆನಪಾಯಿತು: ನೀವಿರುವ ಕಡೆ ಅವನಿದ್ದರೆ ನನಗೂ ಧೈರ್ಯ.

"ಸುಳ್ಳು ಹೇಳ್ಬೇಡಿ ಮೇಡಂ! ಇದ್ದಾನಾ?"

"ಎತ್ತಿ. ನಿಧಾನ. ಎತ್ತಿ, ಎತ್ತಿ, ಎತ್ತಿ, ಎತ್ತಿ, ಎತ್ತಿ... ಸಾಕು, ನಿಲ್ಸಿ."

"ಇದ್ದಾನಾ?"

"ಇದ್ದಾನೆ" ಎಂದಳು ಆಕೆ. ಆಮೇಲೆ ಆಕೆ ಅಳುವುದು ಕೇಳಿಸಿತು.

ಆದದ್ದಿಷ್ಟು. 'ಇಳಿಸಿ' ಎಂದು ಹೇಳಿದ ಮೇಲೆ, ಹೊರೆ ಕೂರುವ ಜಾಗದಲ್ಲಿ ಒಂದು ಹಲಗೆ ಬಿದ್ದಿರುವುದು ಭಾವಮೈದನಿಗೆ ಕಾಣಿಸಿತು. ಮೊದಲಾಗಿದ್ದರೆ 'ಏನಂದ್ರೆ ಭಾವ, ಒಂದು ಹಲಗೆ' ಎಂದು ಹೇಳಿಕೊಂಡೇ ಹೋಗುತ್ತಿದ್ದ. ಅದು ನಾಲ್ಕು ಮಾತಿನಲ್ಲಿ ಸೇರಿರಲಿಲ್ಲ. ಬಾಯಿ ಮುಚ್ಚಿಕೊಂಡು ಅದನ್ನು ಎಳೆಯಲು ಓಡಿದ. ಹೊಂಡದ ತಳದಲ್ಲಿ ಕಬ್ಬಿಣವನ್ನು ಉದ್ದಕ್ಕೂ ಅಡ್ಡಕ್ಕೂ ಬಲೆಯ ಹಾಗೆ ಹೆಣೆದಿದ್ದರು. ಅದರ ಒಂದು ಕಿಂಡಿಯಲ್ಲಿ ಅವನ ಕಾಲು ಮೊಣಕಾಲ ತನಕ ಇಳಿದು ಕಚ್ಚಿಕೊಂಡಿತು. ಕೈಯಲ್ಲಿದ್ದ ವಾಕಿಟಾಕಿ ಹಾರಿ ಕೆಳಗೆ ನಿಂತಿದ್ದ ನೀರಿಗೆ ಬಿತ್ತು. ಕೂಗಿದರೆ ಪಕ್ಕದ ಜನರೇಟರಿನ ಸದ್ದು. ತಲೆಯ ಮೇಲೆ ಕಬ್ಬಿಣ ಇಳಿಯುತ್ತಿತ್ತು. ಅವನು ಆದಷ್ಟೂ ಹಿಂದಕ್ಕೆ ಬಾಗಿ ಮಲಗಿದ. ಸರಳುಗಳು ಅವನ ಹೆಗಲನ್ನು ಒತ್ತಿ, ಭುಜದ ಮೂಳೆ ಮುರಿದು, ಅಲ್ಲಿ ನಿಂತವು. ಇವನು ಬಾಟಲಿಯ ಮುಚ್ಚಳವನ್ನು ಇನ್ನೊಂದು ಕ್ಷಣ ಹುಡುಕಿದ್ದರೆ ಎದೆಯ ಮೇಲೆ ಬರುತ್ತಿದ್ದವು.

ಆಸ್ಪತ್ರೆಯಲ್ಲಿ ಹೆಂಡತಿ ಬೈದಿದ್ದರೆ ಇವನಿಗೆ ಹಗುರವಾಗುತ್ತಿತ್ತು. ಅವಳು ತಮ್ಮನ ಕಾಲು ಒತ್ತುತ್ತಾ ಕೂತಿದ್ದಳು, ಇವನ ಕಡೆಗೆ ತಿರುಗಲಿಲ್ಲ. ಇವನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅಂಗೈ ಒರೆಸಿಕೊಳ್ಳುತ್ತಿದ್ದ. ಪಟ್ಟಿ ಸುತ್ತಿದ ಭಾವಮೈದನೇ ಕಣ್ಣು ತೆರೆದ.

"ನಾನ್ ಮಾತಾಡ್ತಾನೇ ಇದ್ದೆ ಭಾವ" ಎಂದ. "ಅಲ್ಲಿ ಮಲ್ಕೊಂಡು. ನೀವ್ ಬೇಡ ಅಂದಿದ್ದನ್ನೆಲ್ಲ ಮಾತಾಡಿದೆ. ಏನಂದ್ರೆ ಭಾವ, ನಿಲ್ಸಿ ಭಾವ, ಗೊತ್ತಾಯ್ತಲ್ಲ ಭಾವ, ಅಂತ. ನಿಮಗೆ ಕೇಳಿಸ್ತಿರ್ಲಿಲ್ಲ ಅಷ್ಟೇ."

ಇವನು ಅಲ್ಲಿಂದೆದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ ಹೋಗಿ ಕೂತ. ಮಗಳು ಹುಡುಕಿಕೊಂಡು ಬಂದು "ಹೇಗಾಗ್ತಿದೆ ಅಪ್ಪ?" ಎಂದು ಕೇಳಿದಾಗ ಅವನ ಬಾಯಿಂದ ಬಂದದ್ದು "ಒಂಥರಾ" ಎಂದು. ಯಾವ ಥರ ಎಂದು ಅವಳು ಕೇಳಲಿಲ್ಲ, ಪಕ್ಕದಲ್ಲಿ ಕೂತಳು.

ಭಾವಮೈದನ ಮೂಳೆ ಕೂಡಿಕೊಂಡಿತು. ಸೈಟಿಗೆ ಮಾತ್ರ ಅವನು ಮತ್ತೆ ಕಾಲಿಡಲಿಲ್ಲ. ಈಗ ಒಂದು ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ನಿಂತು, ಒಂದು ಮೊಳೆ ಕೊಳ್ಳಲು ಬಂದವರಿಗೂ ಲೋಕದ ವಿಷಯವನ್ನೆಲ್ಲ ಹೇಳಿ ಕಳಿಸುತ್ತಾನೆ. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುತ್ತಾನೆ. "ಏನಂದ್ರೆ ಭಾವ" ಎಂದು ಅವನು ಶುರು ಮಾಡಿದರೆ ಇವನು ಕೈ ಒಣಗಿದರೂ ತಟ್ಟೆಯ ಮುಂದಿನಿಂದ ಏಳುವುದಿಲ್ಲ. ಮಾತಿನ ನಡುವೆ ಅವನು ನೀರು ಕುಡಿಯಲು ನಿಲ್ಲಿಸಿದಾಗ ಮಾತ್ರ ಇವನ ಬೆರಳುಗಳು ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುವುದನ್ನು ಹೆಂಡತಿ ನೋಡಿದ್ದಾಳೆ.

ಹೊಸ ಸಿಗ್ನಲ್‌ಮ್ಯಾನ್ ಬಂದಿದ್ದಾನೆ. ಪದ್ಧತಿ ಬಲ್ಲವನು, 'ಇಳಿಸಿ, ಇಳಿಸಿ' ಎಂದು ಹೇಳುತ್ತಲೇ ಇರುತ್ತಾನೆ. ಆದರೂ ಮನುಷ್ಯನಲ್ಲವೇ, ಒಮ್ಮೆ ಕೆಮ್ಮುತ್ತಾನೆ, ಒಮ್ಮೆ ಎಂಜಲು ನುಂಗುತ್ತಾನೆ. ಆ ಸಣ್ಣ ಬಿರುಕಿನಲ್ಲಿ ಇವನಿಗೆ ಇಡೀ ಹೊಂಡ ಕಾಣಿಸುತ್ತದೆ. ಹೊರೆ ಗಕ್ಕನೆ ನಿಲ್ಲುತ್ತದೆ, ಮೇಲಿನಿಂದ ಪ್ರಶ್ನೆ ಬರುತ್ತದೆ. ಕೆಲಸ ತಡವಾಗುತ್ತಿದೆ ಎಂದು ಎಲ್ಲರ ಗೊಣಗಾಟ. ಇಂಜಿನಿಯರ್ ಮೇಡಂ ಕರೆಸಿ, "ಸ್ವಲ್ಪ ಬೇಗ ಆಗ್ಬೇಕಿತ್ತು" ಎಂದಳು. ಇವನ ಮುಖ ನೋಡಿದವಳು, "ತೊಂದ್ರೆ ಇಲ್ಲ" ಎಂದಳು. ಒಂದೇ ಸಲ.

ಮೊನ್ನೆ ಹೊಸಬ ತಾಳ್ಮೆಗೆಟ್ಟ. ಅದೇ ಹಿಂಬದಿಯ ಕಡೆ, ಅದೇ ಗೋಡೆಯ ಆಚೆ, ಹೊರೆ ಅರ್ಧ ದಾರಿಯಲ್ಲಿ ನೇತಾಡುತ್ತಿತ್ತು.

"ಇದ್ದೀಯಾ?" ಎಂದಿತು ವಾಕಿಟಾಕಿ.

"ಇದೀನಿ ಸಾರ್, ಇದೀನಿ! ಎಷ್ಟ್ ಸಲ ಅಂತ ಹೇಳ್ಲಿ? ಎಲ್ಲಿಗ್ ಹೋಗ್ತೀನಿ ನಾನು?"

ಮೇಲಿನಿಂದ ತ್ರಾಣವೇ ಇಲ್ಲದ ದನಿಯೊಂದು ಇಳಿದು ಬಂತು.

"ಇನ್ನೊಂದ್ ಸಲ ಹೇಳಪ್ಪ."

ಹೊಸಬ ಹೇಳಿದ. ಇವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರೆಯನ್ನು ಮತ್ತೆ ಇಳಿಸತೊಡಗಿದ.